ಎರಡು ಪಟ್ಟಿಯಲ್ಲೂ ನನ್ನ ಹೆಸರು

ಶಾಲೆಯ ಬಾಗಿಲಿಗೆ ಈ ಸಲವೂ ಅದೇ ಬ್ಯಾನರು:
ಕಾಳಜಿ ಕೇಂದ್ರ.
ಇಸವಿಯ ಕೊನೆಯ ಅಂಕಿಯ ಮೇಲೆ ಬಿಳಿ ಕಾಗದ ಅಂಟಿಸಿ
ಹೊಸದು ಬರೆದಿದ್ದಾರೆ.
ಮಳೆ ಬಡಿದಂತೆ ಕಾಗದ ಎದ್ದು
ಹೋದ ವರ್ಷ ಇಣುಕುತ್ತದೆ,
ಅದರಡಿಯಿಂದ ಅದರ ಹಿಂದಿನದು.

ಹೆಸರು? ಕೇಳಿದರು ತಲಾಟಿ.
ಯಾವ ಪಟ್ಟಿಗೆ, ಅಂದೆ.
ಗಿರಿಜಿ ಹೊನ್ನಪ್ಪ ಅಂಬಿಗ,
ಅಡುಗೆಯವರಲ್ಲಿ ಮೊದಲನೆಯವಳು,
ಸಂತ್ರಸ್ತರಲ್ಲಿ ನಲವತ್ತೊಂದು.
ನಮ್ಮ ಹಿತ್ತಿಲಿಗೆ ಗಂಗಾವಳಿ ಹತ್ತುವಾಗ
ನಾನಿಲ್ಲಿ ಬಿಸಿಯೂಟದ ಕೋಣೆಯಲ್ಲಿ
ನೂರಿಪ್ಪತ್ತು ಜನರ ಅಕ್ಕಿ ತೊಳೆಯುತ್ತಿದ್ದೆ.
ತೊಳೆದ ನೀರು ಚೆಲ್ಲಲು ಜಾಗ ಹುಡುಕಿದೆ,
ನಗು ಬಂತು.

ಹೊಳೆಯನ್ನು ಬೈಯುವುದಿಲ್ಲ ನಾವು.
ಮೇಲಿಂದ ಘಟ್ಟದ ನೀರು, ಕೆಳಗಿಂದ ಸಮುದ್ರದ ಭರತ,
ನಡುವೆ ಅದಾದರೂ ಎಲ್ಲಿಗೆ ಹೋಗಬೇಕು?
ಮಾವ ದೋಣಿ ದಾಟಿಸುತ್ತಿದ್ದ.
ಸೇತುವೆ ಬಂತು, ಗಂಡ ಮರಳು ತೆಗೆದ,
ಬುಟ್ಟಿ ಬುಟ್ಟಿ, ರಾತ್ರಿಯೂ.
ಈಗ ಒಳಕೋಣೆಯಲ್ಲಿ ಮೊಣಕಾಲುದ್ದ ಮರಳು.
ಲೆಕ್ಕ ಚುಕ್ತಾ ಮಾಡಲು ಬಂದದೆ,
ಎನ್ನುತ್ತಾನೆ ಅವನು. ಆಮೇಲೆ ಮಾತಾಡುವುದಿಲ್ಲ.

ಗಾಡಿಗಳು ಬಂದವು.
ಒಂದರಲ್ಲಿ ಮದುವೆಯ ಕೋಟು, ಗುಂಡಿ ಮಿಂಚುವಂಥದು,
ಬೊಮ್ಮಜ್ಜಿ ಅದನ್ನೇ ಹಾಕಿಕೊಂಡು ಮಲಗಿದಳು,
ಚಳಿಗೆ ಎಂತ ಮದುವೆ, ಎಂತ ದಿಬ್ಬಣ.
ಒಬ್ಬರು ನನಗೆ ಚಾಪೆ ಕೊಟ್ಟರು.
ಫೋಟೋ ಸರಿ ಬರಲಿಲ್ಲವೆಂದು ಮತ್ತೆ ಕೊಟ್ಟರು.
ಕಣ್ಣು ಮುಚ್ಚಿದ್ದೆನೆಂದು ಇನ್ನೊಮ್ಮೆ.
ಮೂರು ಸಲ ಇಸಕೊಂಡರೂ ಚಾಪೆ ಒಂದೇ.

ಕೆಟ್ಟವರಲ್ಲ ಅವರು. ಕೆಸರಲ್ಲಿ ಬೂಟು ಕಳಕೊಂಡು
ಬರಿಗಾಲಲ್ಲೇ ವಾಪಸು ಹೋದರು.

ಗೋಕಾಕದ ಕಡೆಯಿಂದ ರೊಟ್ಟಿ ಬಂತು, ಮೂಟೆಗಟ್ಟಲೆ,
ಕಟುಕಟು ಮುರಿಯುವ ಜೋಳದ ರೊಟ್ಟಿ.
ಹಪ್ಪಳವಾ ಇದು? ಅಂದಳು ಬೊಮ್ಮಜ್ಜಿ,
ಹಲ್ಲಿಲ್ಲದ ಬಾಯಿಗೆ ಸಾರಲ್ಲಿ ನೆನೆಸಿಕೊಟ್ಟೆ.
ಒಂದು ಕಟ್ಟಿನ ನಡುವೆ ಮಡಚಿದ ಪಟ್ಟಿ ಹಾಳೆ,
ಎಣ್ಣೆಯ ಕಲೆಯ ಮೇಲೆ ಪೆನ್ಸಿಲ್ ಅಕ್ಷರ:

*ನಮ್ಮ ಮನಿಗೂ ಎರಡ ಸಲ ಹೊಳಿ ಬಂದಿತ್ತ.
ಗ್ವಾಡಿ ಒಣಗೂತನಕ ಒಳಗ ಮಲಗಬ್ಯಾಡ್ರಿ.
ಕಪಾಟದ ಹಿಂದ ನೋಡ್ರಿ, ಹಾವ ಇರತಾವ.
ನೀಲವ್ವ.*

ಅಷ್ಟೇ. ಧೈರ್ಯವಾಗಿರಿ ಅಂತ ಬರೆದಿರಲಿಲ್ಲ.
ಎಲ್ಲರೂ ಧೈರ್ಯ ಹೇಳಿ ಹೇಳಿ
ನನಗೆ ಸುಸ್ತಾಗಿತ್ತು.

ನೀರಿಳಿದ ಮೇಲೆ ಇಂಜಿನಿಯರ್ ಬಂದು ಟೇಪು ಹಿಡಿದ.
ಭಾಗಶಃ ಹಾನಿ, ಅಂದ, ಗೋಡೆ ನಿಂತದೆಯಲ್ಲ.
ನಿಂತದೆ, ಹೌದು. ಕೈಯಿಟ್ಟರೆ
ಒದ್ದೆ ಬೆಲ್ಲದಂತೆ ಕೈಗೆ ಬರುತ್ತದೆ.
ಅವನೂ ಕೈಯಿಟ್ಟು ನೋಡಿದ, ಪ್ಯಾಂಟಿಗೆ ಒರೆಸಿಕೊಂಡ,
ಫಾರಂನಲ್ಲಿ ಮೂರನೇ ಕಲಂ ಇಲ್ಲ ಅಕ್ಕ, ಅಂದ,
ಮೆಲ್ಲಗೆ.

ಗುಡ್ಡದ ಮೇಲೆ ಸೈಟು ಕೊಡುತ್ತಾರಂತೆ.
ಚಿರೆಕಲ್ಲಿನ ಬಯಲು. ಏಪ್ರಿಲ್ ಬಂದರೆ
ಕೊಡ ಹಿಡಿದು ಟ್ಯಾಂಕರಿಗೆ ಕಾಯಬೇಕು.
ಆದರೂ ಕೊಡಲಿ, ಅನ್ನುತ್ತೇನೆ ನಾನು.
ಗಂಡ ಮೇಲೆ ಹೋಗಿ ಒಂದು ರಾತ್ರಿ ಮಲಗಿ ಬಂದ:
ಏನೂ ಕೇಳೂದಿಲ್ಲ ಅಲ್ಲಿ, ನಿದ್ದೆ ಹೇಗೆ ಬರಬೇಕು?
ಜಗಳ ಇನ್ನೂ ಮುಗಿದಿಲ್ಲ.
ಹಕ್ಕುಪತ್ರವೂ ಬಂದಿಲ್ಲ, ಹಾಗಾಗಿ ಅವಸರವಿಲ್ಲ.

ನಿನ್ನೆ ಟೀವಿಯಲ್ಲಿ ಘಟಪ್ರಭೆ.
ಕೆಂಪು ನೀರು, ಮುಳುಗಿದ ಕಬ್ಬು, ದೋಣಿಯಲ್ಲೊಬ್ಬ ಹೆಂಗಸು.
ಅವಳೇ ಏನಲ್ಲ. ಆದರೂ ಹತ್ತಿರ ಹೋಗಿ ನೋಡಿದೆ.
ಅಟ್ಟದ ತೊಲೆಗೆ ತೂಗಿಟ್ಟದ್ದರಿಂದ
ಉಳಿದದ್ದು ಕುಮಟೆಯ ಈರುಳ್ಳಿಯ ಎರಡು ಜಡೆ.
ಒಂದನ್ನಿಳಿಸಿ ಗೋಣಿಗೆ ಕಟ್ಟಿ
ಹುಬ್ಬಳ್ಳಿಗೆ ಹೊರಟ ಲಾರಿಯವನಿಗೆ ಕೊಟ್ಟೆ.
ವಿಳಾಸ? ಅಂದ.
ಗೋಕಾಕದ ಕಡೆ, ಹೊಳೆ ಬಂದ ಊರು, ನೀಲವ್ವ.
ತಲೆ ಕೆರೆದುಕೊಂಡ, ಬೇಡ ಅನ್ನಲಿಲ್ಲ.

ಮಗಳ ಪುಸ್ತಕದಿಂದ ಹಾಳೆ ಹರಿದು ಬರೆದೆ:
ಈ ಈರುಳ್ಳಿ ಸಿಹಿ, ಹಸಿಯಾಗೇ ತಿನ್ನಬಹುದು.
ನಿಮ್ಮ ರೊಟ್ಟಿಯ ಜೊತೆ ಚಲೋ ಆಗ್ತದೆ.
ಹಾವು ಸಿಕ್ಕಿತು.
ಕಪಾಟಿನ ಹಿಂದೆಯೇ ಇತ್ತು.